ಬೀಗವಿಲ್ಲದೆ ಬಾಗಿಲು ಹಾಕುವ ವಿದ್ಯೆ

ಅಮೆರಿಕದವರಿಗೆ ಸರ್ಕಾರ ನಡೆಸಲು ಬರುವುದಿಲ್ಲ ಎಂಬುದು 2025ರ ಏಪ್ರಿಲ್‌ನಲ್ಲಿ ಖಚಿತವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯ ಯಾರನ್ನು ನೇಮಿಸಿಕೊಳ್ಳಬೇಕು, ಯಾರನ್ನು ಸೇರಿಸಿಕೊಳ್ಳಬೇಕು, ಯಾವ ವಿಭಾಗದ ಮೇಲೆ ಕಣ್ಣಿಡಬೇಕು ಎಂದು ಟ್ರಂಪ್ ಸರ್ಕಾರ ಪತ್ರ ಬರೆಯಿತು. ಪತ್ರ! ಅದೂ ಸಹಿ ಸಮೇತ! ಆಗುವುದಿಲ್ಲ ಎಂದಿತು ಹಾರ್ವರ್ಡ್. 220 ಕೋಟಿ ಡಾಲರ್ ಅನುದಾನಕ್ಕೆ ತಡೆ ಬಿತ್ತು, ವಿಶ್ವವಿದ್ಯಾಲಯ ಕೋರ್ಟು ಹತ್ತಿತು, ಊರೂರಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಇಷ್ಟೆಲ್ಲ ರಂಪ ಯಾಕೆ ಬೇಕಿತ್ತು? ಶಿವಮೊಗ್ಗಕ್ಕೆ ಬಂದು ನಾಲ್ಕು ದಿನ ಇದ್ದಿದ್ದರೆ ಇದೇ ಕೆಲಸವನ್ನು ಸದ್ದಿಲ್ಲದೆ ಮುಗಿಸುವುದು ಹೇಗೆಂದು ಕಲಿತು ಹೋಗಬಹುದಿತ್ತು. ಊಟ, ವಸತಿ ನಾವೇ ನೋಡಿಕೊಳ್ಳುತ್ತಿದ್ದೆವು.

ಮೊದಲ ಪಾಠ ಭದ್ರಾವತಿಯಲ್ಲಿ. ಅಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಗೆ ಯಾರೂ ಒಂದು ಬೆಳಿಗ್ಗೆ ಬಂದು ಬೀಗ ಜಡಿಯಲಿಲ್ಲ. ಸ್ವಂತ ಗಣಿ ಬೇಕು ಅಂದಾಗ ನೋಡೋಣ ಅಂದರು. ಬಂಡವಾಳ ಬೇಕು ಅಂದಾಗ ಫೈಲು ದೆಹಲಿಯಲ್ಲಿದೆ ಅಂದರು. ಕಾಯಂ ಕಾರ್ಮಿಕರು ನಿವೃತ್ತರಾದ ಹಾಗೆಲ್ಲ ಅವರ ಜಾಗದಲ್ಲಿ ಗುತ್ತಿಗೆಯವರು ನಿಂತರು. 1923ರ ಜನವರಿಯಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕುಲುಮೆಗೆ ನೂರು ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಇನ್ನು ಮುಚ್ಚುವುದೇ ಸರಿ ಎಂಬ ತೀರ್ಮಾನ ಹೊರಬಿತ್ತು. ಜನ ಬೀದಿಗಿಳಿದರು, ಆಮೇಲೆ ಉಳಿಸುತ್ತೇವೆ ಎಂಬ ಭರವಸೆಗಳೂ ಹೊರಬಿದ್ದವು. ಭದ್ರಾವತಿಯವರಿಗೆ ಎರಡೂ ಹೊಸದಲ್ಲ.

ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಮೊದಲ ಕುಲಪತಿ ಶಾಂತಿನಾಥ ದೇಸಾಯಿ, ಕಾದಂಬರಿಕಾರರು. ಒಬ್ಬ ಕಾದಂಬರಿಕಾರನ ಕೈಗೆ ಹೊಸ ವಿಶ್ವವಿದ್ಯಾಲಯ ಕೊಡುವಷ್ಟು ಮೈಮರೆತ ಕಾಲ ಅದು. ಈಗ ಎಲ್ಲರೂ ಎಚ್ಚರವಾಗಿದ್ದಾರೆ. ಶಂಕರಘಟ್ಟವೊಂದೇ ಅಲ್ಲ, ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೆಲ್ಲ ಉಕ್ಕಿನ ಕಾರ್ಖಾನೆಯ ಸೂತ್ರವೇ ಚಾಲ್ತಿಯಲ್ಲಿದೆ. ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ, ಶಾಲು ಹೊದಿಸಿ ಫಲತಾಂಬೂಲ ಕೊಡುತ್ತಾರೆ, ಕುರ್ಚಿ ಖಾಲಿ ಉಳಿಯುತ್ತದೆ. ಪಾಠಕ್ಕೆ ಅತಿಥಿ ಉಪನ್ಯಾಸಕರು ಬರುತ್ತಾರೆ. ಅತಿಥಿ ಅಂದಮೇಲೆ ಮನೆಯ ವ್ಯವಹಾರದಲ್ಲಿ ಬಾಯಿ ಹಾಕಬಾರದು, ಅದು ನಮ್ಮ ಸಂಸ್ಕೃತಿ. ವರ್ಷದ ಹನ್ನೆರಡು ತಿಂಗಳೂ ಗೌರವಧನ ಬರುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಆದೇಶಕ್ಕೆ ಕಾಯಬೇಕು. ಹದಿನೈದು ವರ್ಷ ಪಾಠ ಮಾಡಿದವರಿಗೂ ಜೂನ್ ಬಂತೆಂದರೆ ಎದೆ ಡವಡವ. ಇವರು ಏನು ಹೇಳಬಾರದು ಎಂದು ಯಾವ ಸರ್ಕಾರವೂ ಸುತ್ತೋಲೆ ಕಳಿಸಬೇಕಿಲ್ಲ. ಖಾಲಿ ಹುದ್ದೆಯಷ್ಟು ಅಗ್ಗದ ಸೆನ್ಸಾರನ್ನು ವಾಷಿಂಗ್ಟನ್ನಿನವರು ಇನ್ನೂ ಕಂಡುಹಿಡಿದಿಲ್ಲ.

ಸುತ್ತೋಲೆ ಕಳಿಸಿ ಕೈ ಸುಟ್ಟುಕೊಂಡವರೂ ಇದ್ದಾರೆನ್ನಿ. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ, ದೇಶದ ಭದ್ರತೆ ಮತ್ತು ಆಂತರಿಕ ವಿಷಯಗಳ ಬಗ್ಗೆ ಆನ್‌ಲೈನ್ ಅಂತರರಾಷ್ಟ್ರೀಯ ಗೋಷ್ಠಿ ಮಾಡುವುದಿದ್ದರೆ ಮೊದಲು ಅನುಮತಿ ಪಡೆಯಿರಿ ಎಂದಿತು. ವಿಜ್ಞಾನಿಗಳು ಕೂಗಾಡಿದರು, ಮರುತಿಂಗಳೇ ಆದೇಶ ವಾಪಸಾಯಿತು. ಆದೇಶ ವಾಪಸಾದರೂ ಹುಷಾರು ವಾಪಸಾಗಲಿಲ್ಲ. ಕುವೆಂಪು ಕಾವ್ಯದಲ್ಲಿ ಪ್ರಕೃತಿ ಎಂಬ ವಿಚಾರ ಸಂಕಿರಣಕ್ಕೆ ಯಾವ ಕಾಲಕ್ಕೂ ಅಡ್ಡಿಯಿಲ್ಲ. ಮಳೆ, ಬಿದಿರುಮೆಳೆ, ಕಾಜಾಣ, ಮಧ್ಯಾಹ್ನ ಊಟ. ಆದರೆ ಅದೇ ಪ್ರಕೃತಿಯ ಬಗ್ಗೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಬೇರೆ ವಿಷಯ ತಂದ ಎಂದಿಟ್ಟುಕೊಳ್ಳಿ: ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ ನಿಂತೇ ಹೋಗಿರುವಾಗ ಅದರ ನೆಡುತೋಪುಗಳ ಗುತ್ತಿಗೆಯನ್ನು 2020ರಲ್ಲಿ ಮತ್ತೆ 40 ವರ್ಷ ವಿಸ್ತರಿಸಿದ್ದು ಹೇಗೆ, ಕಾಗದವೇ ಇಲ್ಲದ ಕಾರ್ಖಾನೆಗೆ ಅಕೇಶಿಯಾ ಯಾಕೆ? ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸುತ್ತಾರೆ. ಒಳ್ಳೆ ವಿಷಯ ಕಣಯ್ಯಾ, ಆದ್ರೆ ಡಾಟಾ ಸಿಗೋದು ಕಷ್ಟ, ಬಿದಿರಿನ ಮೇಲೆ ಮಾಡು. (ಎಂಪಿಎಂ ನಿಂತು ವರ್ಷಗಳಾದರೂ ಸುತ್ತೋಲೆಗಳಿಗೆ ಕಾಗದದ ಬರ ಬಂದದ್ದನ್ನು ಮಾತ್ರ ನಾನು ಕಾಣೆ.)

ಹಾಗಂತ ವಿಶ್ವವಿದ್ಯಾಲಯಗಳ ಸ್ವಾತಂತ್ರ್ಯದ ಬಗ್ಗೆ ಯಾರಿಗೂ ಕಾಳಜಿಯಿಲ್ಲ ಅನ್ನುವಂತಿಲ್ಲ. ಕಾಳಜಿ ಹೆಚ್ಚಾಗಿಯೇ ತೊಂದರೆ. 2025ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಒಂದು ಕರಡು ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಕುಲಪತಿಯನ್ನು ಹುಡುಕುವ ಸಮಿತಿಯಲ್ಲಿ ಕುಲಾಧಿಪತಿಯ, ಅಂದರೆ ರಾಜ್ಯಪಾಲರ, ಪ್ರತಿನಿಧಿ ಇರುತ್ತಾರೆ, ಯುಜಿಸಿಯ ಪ್ರತಿನಿಧಿ ಇರುತ್ತಾರೆ, ಸಂಬಳ ಕೊಡುವ ರಾಜ್ಯ ಸರ್ಕಾರದವರು ಇರುವುದಿಲ್ಲ. ಉದ್ಯಮಿಗಳೂ ಆಡಳಿತಗಾರರೂ ಕುಲಪತಿಗಳಾಗಬಹುದು. ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ವಿರೋಧ ಪಕ್ಷಗಳ ಆಳ್ವಿಕೆಯ ರಾಜ್ಯಗಳ ಸಚಿವರು ಸೇರಿ, ವಿಶ್ವವಿದ್ಯಾಲಯಗಳ ಸ್ವಾಯತ್ತತೆ ಅಪಾಯದಲ್ಲಿದೆ ಎಂದು ಕಣ್ಣೀರು ಮಿಡಿದರು. ನಿಜವಾದ ಕಣ್ಣೀರೇ, ನನಗೆ ಅನುಮಾನವಿಲ್ಲ. ಅದೇ ತಿಂಗಳು, ಅದೇ ಬೆಂಗಳೂರಿನಲ್ಲಿ, ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿ, ಹಿಂದಿನ ಸರ್ಕಾರ ತೆರೆದಿದ್ದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಎಂದಿತು. ಅದಕ್ಕೂ ಎರಡು ತಿಂಗಳ ಮೊದಲು ಬೆಳಗಾವಿ ಅಧಿವೇಶನದಲ್ಲಿ, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಎಂಬ ಮಸೂದೆ ಪಾಸಾಗಿತ್ತು. ಇದು ದೆಹಲಿ ಮತ್ತು ಬೆಂಗಳೂರು ಎಂಬ ಇಬ್ಬರು ಭಾವಂದಿರು ಒಂದೇ ಎತ್ತಿನ ಮೂಗುದಾರಕ್ಕಾಗಿ ಬಡಿದಾಡುವ ಜಗಳ. ಎತ್ತಿಗೆ ಮೂಗುದಾರ ಬೇಕೇ ಎಂದು ಕೇಳುವುದು ಎರಡೂ ಮನೆಯ ಪದ್ಧತಿಯಲ್ಲ.

ಮಕ್ಕಳ ಪಾಡು ಬೇರೆ. 2021ರ ಆಗಸ್ಟ್‌ನಲ್ಲಿ ಹೊಸ ಶಿಕ್ಷಣ ನೀತಿ ತರುವುದರಲ್ಲಿ ದೇಶಕ್ಕೇ ನಾವು ಮೊದಲು ಎಂದು ಕರ್ನಾಟಕ ಬೀಗಿತು, ಪದವಿ ನಾಲ್ಕು ವರ್ಷವಾಯಿತು. ಸರ್ಕಾರ ಬದಲಾಯಿತು, 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರೇ ವರ್ಷ. ಎರಡು ಸಲವೂ ಪಠ್ಯ ಮಂಡಳಿಗಳು ರಾತ್ರೋರಾತ್ರಿ ಕೂತು ಹೂಂ ಅಂದವು. ಒಂದೇ ಮಂಡಳಿ, ಬಹುಶಃ ಒಂದೇ ಚಹಾ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನ ಹುಡುಗರು ಮಾತ್ರ ಆಗಾಗ ಇಲ್ಲ ಅನ್ನುತ್ತಾರೆ. 2021ರಲ್ಲಿ ಕಾಲೇಜಿನ ಜಾಗವನ್ನು ಖೇಲೋ ಇಂಡಿಯಾ ಕ್ರೀಡಾ ಸಂಕೀರ್ಣಕ್ಕೆ ಕೊಡುವ ಪ್ರಸ್ತಾಪ ಬಂದಾಗ ಅವರೂ ಹಳೆಯ ವಿದ್ಯಾರ್ಥಿಗಳೂ ಬಿ.ಎಚ್. ರಸ್ತೆಗೆ ಬಂದು ಕೂತರು. ಲಂಕೇಶ್ ಪಾಠ ಮಾಡಿದ ಕಾಲೇಜು, ಗಾಳಿಯಲ್ಲಿ ಏನಾದರೂ ಉಳಿದಿರಬಹುದು.

ಇಷ್ಟರ ಮಧ್ಯೆ ನನ್ನನ್ನು ಕಾಡುವುದು ಒಂದೇ ಅರ್ಜಿ. ಕುಪ್ಪಳಿಯ ಕೆ.ವಿ. ಪುಟ್ಟಪ್ಪನವರು ಇವತ್ತು ಕುವೆಂಪು ವಿಶ್ವವಿದ್ಯಾಲಯದ ಕುಲಪತಿ ಹುದ್ದೆಗೆ ಅರ್ಜಿ ಹಾಕಿದರೆ? ಮೈಸೂರಿನಲ್ಲಿ 1956ರಿಂದ 60ರವರೆಗೆ ಕುಲಪತಿಯಾಗಿದ್ದ ಅನುಭವವಿದೆ, ಸರಿ. ಪ್ರಾಧ್ಯಾಪಕರಾದದ್ದು 1946, ಹತ್ತು ವರ್ಷದ ಸೇವೆ ಕಷ್ಟಪಟ್ಟು ಲೆಕ್ಕಕ್ಕೆ ಸಿಗುತ್ತದೆ. ಆದರೆ ಪಿಎಚ್.ಡಿ. ಇಲ್ಲ, ಇರುವುದೆಲ್ಲ ಗೌರವ ಡಾಕ್ಟರೇಟು. 'ಶ್ರೀ ರಾಮಾಯಣ ದರ್ಶನಂ' ಯಾವ ಸಂಶೋಧನಾ ಜರ್ನಲ್ಲಿನಲ್ಲೂ ಬಂದಿಲ್ಲ. ಶಿಫಾರಸು ಪತ್ರ ತಂದಿಲ್ಲ, ಮಠಕ್ಕೆ ಹೋಗಿ ಬಂದಿಲ್ಲ, ಪುರೋಹಿತರ ಬಗ್ಗೆ ಆಡಬಾರದ್ದನ್ನೆಲ್ಲ ಆಡಿದ್ದಾರೆ. ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ: ಇವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನಿರಂಕುಶಮತಿಗಳಾಗಿ ಎಂದು ಬಹಿರಂಗವಾಗಿ ಹೇಳಿದ್ದಕ್ಕೆ ದಾಖಲೆಯಿದೆ. ಸಮಿತಿ ವಿಷಾದಿಸುತ್ತದೆ. ಹೆಸರನ್ನು ಮಹಾದ್ವಾರದ ಮೇಲೆ ಉಳಿಸಿಕೊಳ್ಳಲು ಮಾತ್ರ ಅಭ್ಯಂತರವಿಲ್ಲ.

ಮೊನ್ನೆ ಗೋಪಿ ವೃತ್ತದ ಹತ್ತಿರ ಪರಿಚಯದ ಅತಿಥಿ ಉಪನ್ಯಾಸಕರೊಬ್ಬರು ಸಿಕ್ಕರು. ಯುಜಿಸಿ ಕರಡಿನ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರೀ ಅಂದೆ. ಅತ್ತಿತ್ತ ನೋಡಿದರು.

‘ಈಗ ಬೇಡ ಸಾರ್. ಆರ್ಡರ್ ಆಗ್ಲಿ, ಹೇಳ್ತೀನಿ.’

ಆರ್ಡರ್ ಆದಮೇಲೆ ನಾನೇ ಫೋನು ಮಾಡಿದೆ.

‘ಈ ವರ್ಷದ್ದಾಯ್ತು ಸಾರ್’ ಅಂದರು, ‘ಮುಂದಿನ ವರ್ಷದ್ದು ಆಗ್ಬೇಕಲ್ಲ?’