ಮಾರಿದರೂ ಮಾರಿಹೋಗದ ಗಾಡಿ

ಕೊಡಗಿನಲ್ಲಿ ಕಾಗದಪತ್ರದ ವಿಷಯವೇ ಬೇರೆ. ದೇಶದ ಉಳಿದ ಕಡೆ ಕೋವಿಗೆ ಲೈಸೆನ್ಸ್ ಬೇಕು. ಇಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 2029ರ ಅಕ್ಟೋಬರ್ ತನಕ ವಿನಾಯಿತಿ. ಜಮ್ಮಾ ಬಾಣೆಯ ಪಹಣಿಯಲ್ಲಿ ಮುತ್ತಜ್ಜನ ಕಾಲದ ಪಟ್ಟೆದಾರರು ಇನ್ನೂ ಗಟ್ಟಿಯಾಗಿ ಕೂತಿರುತ್ತಾರೆ. ಅವರು ಹೋಗಿ ಎಷ್ಟು ಮಳೆಗಾಲ ಕಳೆದರೂ ತೋಟದಲ್ಲಿ ಕಾಫಿ ಹೂ ಬಿಡುವುದೇನೂ ನಿಂತಿಲ್ಲ. ಹೆಸರು ಯಾರದ್ದಾದರೇನು, ಅನುಭವಿಸುವವರು ಯಾರು ಅನ್ನುವುದಷ್ಟೇ ನಮಗೆ ಲೆಕ್ಕ. ನನ್ನ ಸೋದರಮಾವ ತಮ್ಮ ಸ್ಕೂಟರನ್ನೂ ಇದೇ ಲೆಕ್ಕದಲ್ಲಿ ಮಾರಲು ಹೊರಟಿದ್ದರು.

ಸ್ಕೂಟರ್ ಅಂದರೆ ಹಿಂಚಕ್ರದ ಆಚೀಚೆ ಒಂದೊಂದು ಪುಟ್ಟ ಚಕ್ರ ಕೂರಿಸಿದ ಆಕ್ಟಿವಾ. ಮಾವನ ಬಲಗಾಲನ್ನು ಚಿಕ್ಕಂದಿನಲ್ಲೇ ಪೋಲಿಯೋ ಹಿಡಿದಿತ್ತು. ಗೋಣಿಕೊಪ್ಪದ ಸಂತೆ, ಮದುವೆ, ಸಾವು, ಸಹಕಾರ ಸಂಘದ ಮಹಾಸಭೆ ಎಲ್ಲಕ್ಕೂ ಅದರಲ್ಲೇ ಸವಾರಿ. ಎಡಗಡೆ ಊರುಗೋಲು ಸಿಕ್ಕಿಸಲು ಒಂದು ಕಬ್ಬಿಣದ ಕೊಂಡಿ. ಅದಕ್ಕೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ ಸುತ್ತಿ ಮಾವನೇ ದಪ್ಪ ಮಾಡಿದ್ದರು. ಈಗ ಭುಜವೂ ನೋಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಆಗುವುದಿಲ್ಲ. ಎರಡು ಮಳೆಗಾಲ ಶೆಡ್ಡಿನಲ್ಲಿ ನಿಂತು ಸೀಟಿನ ಹೊಲಿಗೆಯ ಉದ್ದಕ್ಕೂ ಪಾಚಿ ಕಟ್ಟಿತ್ತು.

ಇಂಗ್ಲೆಂಡಿನಲ್ಲಿರುವ ಮಗಳು ಫೋನಿನಲ್ಲಿ ಅಲ್ಲಿಯ ಕಥೆ ಹೇಳಿದಳು. ಅಲ್ಲಿ ಇಂಥವರಿಗೆ ಕುರ್ಚಿಯಂಥ ಬ್ಯಾಟರಿ ಗಾಡಿಯಂತೆ; ಗಂಟೆಗೆ 4 ಮೈಲಿ ಹೋಗುವುದಕ್ಕೆ ನೋಂದಣಿಯೇ ಬೇಡ, 8 ಮೈಲಿಯದ್ದಕ್ಕೆ ನೋಂದಣಿ ಉಂಟು, ತೆರಿಗೆ ಮಾತ್ರ ಇಲ್ಲ. ಮಾವ ಯೋಚಿಸಿ, “ನಾಲ್ಕು ಮೈಲಿಯಲ್ಲಿ ಹೋದರೆ ಇಲ್ಲಿ ಜಿಗಣೆ ಹತ್ತಿ ಇಳಿದು ಹೋಗ್ತದೆ ಮಗಳೇ” ಅಂದರು.

ಗಿರಾಕಿಗಳೇನೋ ಬಂದರು. ಮೊದಲು ಬಂದವರು ಅಮ್ಮತ್ತಿ ಕಡೆಯ ತೋಟದ ರೈಟರ್. ಎರಡು ಕಾಲೂ ನೆಟ್ಟಗಿದ್ದ ಮನುಷ್ಯ. ಪಕ್ಕದ ಚಕ್ರ ಕಿತ್ತು ಹಾಕಿ ಓಡಿಸುತ್ತೇನೆ ಅಂದರು. ಆರ್.ಸಿ.ಯಲ್ಲಿ ಇದು ಅಂಗವಿಕಲರ ಗಾಡಿ ಅಂತ ನಮೂದಾಗಿದೆ. ಚಕ್ರ ಕಿತ್ತರೆ ಆರ್.ಟಿ.ಓ. ಒಪ್ಪಿಗೆ ಪಡೆದು ಅಲ್ಲೂ ತಿದ್ದಿಸಬೇಕು. ತೆರಿಗೆ ರಿಯಾಯಿತಿ ಪಡೆದ ಗಾಡಿಯಾದರೆ ಅದರ ಲೆಕ್ಕವೂ ಮೇಲೆದ್ದು ಬರುತ್ತದೆ. ಇನ್ನು ಇಲಾಖೆಯಿಂದ ಪುಕ್ಕಟೆ ಸಿಕ್ಕ ಗಾಡಿಗಳಿಗೆ ಮಾರುವುದಿಲ್ಲ ಅಂತ ಮುಚ್ಚಳಿಕೆಯನ್ನೇ ಬರೆಸಿಕೊಳ್ಳುವುದುಂಟು. ಮಾವನದು ಕರಿಮೆಣಸು ಮಾರಿ ಕೊಂಡದ್ದು, ಆ ಭಯ ಇರಲಿಲ್ಲ. ರೈಟರ್ ಇಷ್ಟೆಲ್ಲ ಕೇಳಿ ಕಾಫಿ ಕುಡಿದು ಹೋದರು.

ಎರಡನೆಯವರು ಮಾಕುಟ್ಟ ಘಾಟಿ ಇಳಿದರೆ ಸಿಗುವ ಇರಿಟ್ಟಿಯವರು. ಕೇರಳಕ್ಕೆ ಹೋಗುವುದಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಅಂಟಿಸಬೇಕು. ನಾನು ಗಾಡಿಯಡಿ ಕೂತು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ತುಕ್ಕಿನ ಮೇಲೆ 8 ಮೂಡಿತೋ 3 ಮೂಡಿತೋ ಅಂತ ನಾವೆಲ್ಲ ಚರ್ಚಿಸುತ್ತಿರುವಾಗ ಇರಿಟ್ಟಿಯವರ ಆಸೆ ತಣ್ಣಗಾಯಿತು.

ಮೂರನೆಯವರು ಕುಶಾಲನಗರದವರು, ತಾಯಿಗೆ ಅಂತ ಕೇಳಿಕೊಂಡು ಬಂದರು. ಆ ತಾಯಿಗೂ ಕಾಲಿನದೇ ತೊಂದರೆ, ಲೈಸೆನ್ಸೂ ಇದೆ. ಎಲ್ಲ ಕೂಡಿಬಂತು ಅನ್ನುವಾಗ ಮಾವ ತಮ್ಮ ಉಪಾಯ ತೆಗೆದರು: “ಖಾಲಿ ಫಾರಂಗೆ ಸಹಿ ಹಾಕಿ ಕೊಡ್ತೇನೆ, ನೀವು ಪುರುಸೊತ್ತಾದಾಗ ಮಾಡಿಸಿಕೊಳ್ಳಿ.”

ಊರಲ್ಲಿ ನಡೆಯುವುದೇ ಹೀಗೆ. ಸಹಿ ಹಾಕಿದ 29, 30ನೇ ನಂಬರಿನ ಫಾರಂಗಳು ಗಾಡಿಯ ಸೀಟಿನಡಿ ಕೂತು ಕೈಯಿಂದ ಕೈಗೆ ಹೋಗುತ್ತಿರುತ್ತವೆ, ದಾಖಲೆಯಲ್ಲಿ ಮಾತ್ರ ಮೊದಲಿನವನೇ ಯಜಮಾನ. ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣವನ್ನು ಮಾವನಿಗೆ ಹೇಳಿದೆ. ಒಬ್ಬರು 2007ರಲ್ಲಿ ಕಾರು ಮಾರಿದರು, ಅದು ಕೈ ಬದಲಾಯಿಸುತ್ತ ಹೋಗಿ 2009ರಲ್ಲಿ ಅಪಘಾತ ಮಾಡಿತು, ಹೆಸರು ವರ್ಗವಾಗಿರಲಿಲ್ಲ. ನೋಂದಾಯಿತ ಮಾಲೀಕರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ತೀರ್ಪಾಯಿತು.

“ಓಡಿಸದವನಿಗೆ?”

“ಓಡಿಸದವರಿಗೇ ಮಾವ. ಪಹಣಿಯಲ್ಲಿರುವ ಮುತ್ತಜ್ಜನನ್ನು ಯಾರೂ ಕೋರ್ಟಿಗೆ ಕರೆಯೋದಿಲ್ಲ. ನಿಮ್ಮನ್ನು ಕರೀತಾರೆ.”

ಮಾವ ಕನ್ನಡಕ ಹಾಕಿಕೊಂಡರು. ಮಾರಿದವರು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವರಿಗೆ 30 ದಿನ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. ಹೊಗೆ ಸರ್ಟಿಫಿಕೇಟ್ ಹಿಂದಿನ ಮಳೆಗಾಲದಲ್ಲೇ ಸತ್ತಿತ್ತು, ಮಾಡಿಸಿದೆವು. ಆನ್‌ಲೈನಿನಲ್ಲಿ ಅರ್ಜಿ ತುಂಬಿದರೆ ಓಟಿಪಿ ಬರಲೇ ಇಲ್ಲ. ಜೋರು ಮಳೆ, ಟವರ್ ಬಿದ್ದಿರಬೇಕು ಅಂದುಕೊಂಡು ನಾನು ಕೊಡೆ ಹಿಡಿದು ಗುಡ್ಡ ಹತ್ತಿದೆ. ಆಮೇಲೆ ತಿಳಿಯಿತು, ಗಾಡಿ ಕೊಡುವಾಗ ಶೋರೂಮಿನ ಹುಡುಗ ತನ್ನ ನಂಬರನ್ನೇ ಹಾಕಿಬಿಟ್ಟಿದ್ದ. ಇಷ್ಟು ವರ್ಷ ಸರ್ಕಾರ ಮಾವನಿಗೆ ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡಿದ್ದನೇನೋ. ನಂಬರ್ ತಿದ್ದಿಸಿದೆವು.

ಹಣ ಎಣಿಸಿ, ಕೊಟ್ಟ ದಿನ ಮತ್ತು ಹೊತ್ತು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿದೆ. ಇದನ್ನು ಕಾನೂನು ಕೇಳುವುದಿಲ್ಲ. ಆದರೆ ಸಂಜೆ ನಾಲ್ಕಕ್ಕೆ ಮಾರಿದ ಗಾಡಿ ಐದಕ್ಕೆ ಯಾರಿಗಾದರೂ ಗುದ್ದಿದರೆ ಕೈಯಲ್ಲಿ ಒಂದು ಚೀಟಿಯಾದರೂ ಇರಲಿ. ಅಷ್ಟರಲ್ಲಿ ಮಾವ ಆರ್.ಸಿ.ಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ ಓದಿದರು. ಚಾಸಿ ಇದೆ, ಎಂಜಿನ್ ಇದೆ, ಬಣ್ಣ ಇದೆ.

“ಊರುಗೋಲಿನ ಕೊಂಡಿ ಇದರಲ್ಲಿ ಎಲ್ಲೂ ಬರೆದಿಲ್ಲವಲ್ಲ?”

“ಇಲ್ಲ ಮಾವ.”

“ಹಾಗಾದರೆ ಸ್ಪ್ಯಾನರ್ ತಾ.”