ಉತ್ತರ ಬೆಂಗಳೂರಿನ ಮೆರವಣಿಗೆಗಳಲ್ಲಿ ಟಿಂಪನಿ ಭಾಗದ ಪಾಠಶೋಧನೆ

ಉತ್ತರ ಬೆಂಗಳೂರಿನ ಬಗೆಗಿನ ಯಾವ ಪ್ರಬಂಧವೂ ಯಲಹಂಕ ನಾಡಪ್ರಭು ಕೆಂಪೇಗೌಡರಿಂದ ಶುರುವಾಗದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಆದ್ದರಿಂದ ಅವರನ್ನು ಸ್ಮರಿಸಿ ಮುಂದುವರಿಯೋಣ. ಅಧ್ಯಯನದ ವ್ಯಾಪ್ತಿ ಉತ್ತರಕ್ಕೆ ಯಲಹಂಕ ಕೆರೆ, ದಕ್ಷಿಣಕ್ಕೆ ಆರ್.ಟಿ. ನಗರ, ಪಶ್ಚಿಮಕ್ಕೆ ಯಶವಂತಪುರ ಮಾರ್ಕೆಟ್ಟು ದಾಟಿ ಪೀಣ್ಯ. ಪೂರ್ವದ ಗಡಿಯನ್ನು ಹೆಬ್ಬಾಳ ಮೇಲ್ಸೇತುವೆಯ ಜಾಮ್ ಬಿಟ್ಟ ಮೇಲೆ ಗುರುತಿಸಲಾಗುವುದು. ಪಾಶ್ಚಾತ್ಯ ವಾದ್ಯಮೇಳದಲ್ಲಿ ಟಿಂಪನಿ ಎಂಬ ತಾಮ್ರದ ಹಂಡೆಗಳು ಮಾಡುವ ಕೆಲಸವನ್ನು ಇಲ್ಲಿ ಗಣೇಶನ ಮುಂದೆ, ಬಡಾವಣೆಗೆ ಕರೆಸಿದ ಅಣ್ಣಮ್ಮ ದೇವಿಯ ಮುಂದೆ, ಹೆಣದ ಮುಂದೆ ತಮಟೆ ಮಾಡಿಕೊಂಡು ಬಂದಿದೆ. ಹಾಗಿದ್ದೂ ಆ ತಮಟೆಯ ಭಾಗವನ್ನು ಯಾವ ವಿದ್ವಾಂಸನೂ ಸಂಪಾದಿಸಿ ಪ್ರಕಟಿಸಿಲ್ಲವೇಕೆ ಎಂಬುದೇ ನಮ್ಮ ಮೂಲ ಪ್ರಶ್ನೆ.

ಮೊದಲು ವಂಶಾವಳಿ. ಟಿಂಪನಿ ನಮ್ಮ ನಗಾರಿಯ ದಾಯಾದಿ. ಅರಬ್ಬರ, ತುರ್ಕರ ಸೈನ್ಯಗಳ ಜೊತೆ ಯುರೋಪಿಗೆ ಹೋಗಿ ಅಲ್ಲಿ ಕೋಟು ತೊಟ್ಟದ್ದು. 1623ರಲ್ಲಿ ಪವಿತ್ರ ರೋಮನ್ ಚಕ್ರವರ್ತಿ ಎರಡನೇ ಫರ್ಡಿನಾಂಡ್ ತುತ್ತೂರಿಯವರ ಮತ್ತು ನಗಾರಿಯವರ ಸಂಘಕ್ಕೆ ಸನ್ನದು ಕೊಟ್ಟ. ಈ ಸಂಘದವರು ತಮ್ಮ ಬಾರಿಸುವಿಕೆಯನ್ನು ಬಹುಪಾಲು ಬರೆದಿಡಲಿಲ್ಲ, ಬಾಯಿಪಾಠದಲ್ಲೇ ಶಿಷ್ಯರಿಗೆ ದಾಟಿಸಿದರು. ಯುರೋಪಿನವರು ಬರೆದಿಡದಿದ್ದರೆ ಅದು ವೃತ್ತಿರಹಸ್ಯ, ನಮ್ಮವರು ಬರೆದಿಡದಿದ್ದರೆ ಜಾನಪದ. ಈ ವರ್ಗೀಕರಣವನ್ನು ಪ್ರಬಂಧಕಾರ ಪ್ರಶ್ನಿಸುವುದಿಲ್ಲ. ಅನುದಾನ ಎರಡನೆಯ ವಿಭಾಗದಿಂದಲೇ ಬರಬೇಕಾಗಿದೆ.

ಶ್ರುತಿಯ ವಿಚಾರ. ಟಿಂಪನಿಯನ್ನು ತಿರುಪು ತಿರುಗಿಸಿ, ಇಲ್ಲವೇ ಕಾಲಲ್ಲಿ ಪೆಡಲ್ ಒತ್ತಿ, ಕಿವಿಯನ್ನು ಚರ್ಮದ ಹತ್ತಿರ ತಂದು ಶ್ರುತಿಗೆ ಸೇರಿಸುತ್ತಾರೆ. ನೋಡಿದವರಿಗೆ ವಾದ್ಯಕ್ಕೆ ಜ್ವರವೇನೋ ಅನ್ನಿಸಬೇಕು. ಚರ್ಮದ ತಮಟೆಗೆ ರಸ್ತೆಬದಿಯಲ್ಲಿ ಒಂದು ಹಿಡಿ ಒಣಹುಲ್ಲು, ನಿನ್ನೆಯ ಪತ್ರಿಕೆ, ಒಂದು ಬೆಂಕಿಕಡ್ಡಿ ಸಾಕು. ಸಂಪಾದಕೀಯ ಪುಟ ಹೆಚ್ಚು ಕಾವು ಕೊಡುತ್ತದೆಂಬ ವಾದಕ್ಕೆ ಇನ್ನೂ ಆಧಾರ ದೊರೆತಿಲ್ಲ. ಟಿಂಪನಿಗೆ 1950ರ ದಶಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಬಂತು, ತಮಟೆಗೂ ಈಗ ಫೈಬರ್ ಬಂದಿದೆ. ಭಾದ್ರಪದದ ಮಳೆಗೆ ಅದು ಸಡಿಲವಾಗುವುದಿಲ್ಲ, ಕಾಯಿಸುವ ಗೋಜೂ ಇಲ್ಲ. ಬಾರಿಸುವವರಿಗೆ ಮಧ್ಯೆ ಸಿಗುತ್ತಿದ್ದ ಬೀಡಿಯಷ್ಟು ವಿರಾಮವೂ ಇದರಿಂದ ಹೋಯಿತು.

ನಾದದ ಏರಿಳಿತದ ಅಧ್ಯಾಯವೇ ಈ ಪ್ರಬಂಧದ ಜೀವಾಳ. ಬರ್ಲಿಯೋಜ್ ಎಂಬ ಫ್ರೆಂಚ್ ಮಹಾಶಯ 1837ರ ತನ್ನ ಮೃತರ ಶಾಂತಿಕೃತಿ ರಿಕ್ವಿಯಮ್‌ಗೆ 16 ಟಿಂಪನಿ ಕೇಳಿದ್ದಲ್ಲದೆ, ಯಾವ ಏಟಿಗೆ ಮರದ ಕೋಲು, ಯಾವುದಕ್ಕೆ ಸ್ಪಂಜಿನ ಕೋಲು ಎಂದು ತನ್ನ ಕೃತಿಗಳಲ್ಲಿ ಬರೆಯುತ್ತಿದ್ದ. ನಮ್ಮ ತಮಟೆಗೆ ಅಂಥ ರಚನಕಾರ ಇಲ್ಲವೆಂದು ಇಷ್ಟು ದಿನ ಭಾವಿಸಲಾಗಿತ್ತು. ಆದರೆ ಇದ್ದಾನೆ: ಭಾರತ ಸರ್ಕಾರ. 2000ದ ಶಬ್ದಮಾಲಿನ್ಯ ನಿಯಮಗಳನ್ನು ಸ್ವರಲಿಪಿಯಂತೆ ಓದಿದರೆ ಎಲ್ಲವೂ ತಿಳಿಯಾಗುತ್ತದೆ. ಹಗಲಲ್ಲಿ ವಸತಿ ಪ್ರದೇಶಕ್ಕೆ 55 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 65, ಕೈಗಾರಿಕಾ ಪ್ರದೇಶಕ್ಕೆ 75. ಅಂದರೆ ಆರ್.ಟಿ. ನಗರದ ಅಡ್ಡರಸ್ತೆಯಲ್ಲಿ ಮೆಲ್ಲಗೆ ಹೊರಟು, ಯಶವಂತಪುರ ಮಾರ್ಕೆಟ್ಟಿನಲ್ಲಿ ಮಧ್ಯಮಕ್ಕೆ ಬಂದು, ಪೀಣ್ಯದಲ್ಲಿ ತಾರಕ ಮುಟ್ಟುವ ಸುದೀರ್ಘ ಏರಿಕೆಯೊಂದನ್ನು ಸರ್ಕಾರ ಗೆಜೆಟ್ಟಿನಲ್ಲೇ ರಚಿಸಿಟ್ಟಿದೆ. ದಾರಿಯಲ್ಲಿ ನಿಶ್ಶಬ್ದ ವಲಯವೆಂದು ಸಾರಿದ ಆಸ್ಪತ್ರೆ, ಶಾಲೆ, ಕೋರ್ಟು ಸಿಕ್ಕರೆ ಸುತ್ತಲಿನ 100 ಮೀಟರಿಗೆ 50. ರಾತ್ರಿ ಹತ್ತಕ್ಕೆ ಕೃತಿ ಸಮಾಪ್ತಿ, ನಡೆಸಿಕೊಡುವವರು ಠಾಣೆಯವರು. ತಮಟೆಯ ಮೊದಲ ಏಟೇ ಈ ಎಲ್ಲ ಅಂಕಿಗಳನ್ನೂ ದಾಟುತ್ತದೆಂಬ ಆಕ್ಷೇಪ ಬರಬಹುದು. ಬೀಥೊವನ್ ಬರೆದ ವೇಗದಲ್ಲೇ ಬೀಥೊವನ್ನನನ್ನು ಎಷ್ಟು ಜನ ನುಡಿಸುತ್ತಾರೆ?

ಇನ್ನು ಮೌನ. ರಚನಕಾರ ದ್ವೋರ್ಜಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿಯಲ್ಲಿ (1893) ತಾಳ ಬಡಿಯುವವನಿಗಿರುವುದು ಒಂದೇ ಏಟು. ಉಳಿದ ಮುಕ್ಕಾಲು ಗಂಟೆ ಅವನು ಮಾತ್ರೆ ಎಣಿಸುತ್ತ ಕೂರಬೇಕು. ಇದನ್ನು ಶಿಸ್ತು ಎನ್ನುತ್ತಾರೆ. ಹೆಬ್ಬಾಳದಲ್ಲಿ ಗಣೇಶನ ಟ್ರ್ಯಾಕ್ಟರು ನಿಂತಾಗ ಎಣಿಸಲು ಮಾತ್ರೆಗಳೇ ಇರುವುದಿಲ್ಲ, ಸಿಗ್ನಲ್ಲು ಇರುತ್ತದೆ. ಆಂಬುಲೆನ್ಸಿನ ಸೈರನ್ನು ಕೇಳಿದ ಕೂಡಲೇ ಯಾರ ಕೈಸನ್ನೆಯೂ ಇಲ್ಲದೆ ಎಲ್ಲ ಕೋಲುಗಳೂ ಒಟ್ಟಿಗೆ ನಿಲ್ಲುತ್ತವೆ, ಅದು ದಾಟಿದ ಮೇಲೆ ಬಿಟ್ಟ ಏಟಿನಿಂದಲೇ ಒಟ್ಟಿಗೆ ಏಳುತ್ತವೆ. ಕೈಕಡ್ಡಿ ಬೀಸುವ ನಿರ್ದೇಶಕನಿಗೆ ಈ ಕೆಲಸಕ್ಕೆ ತಿಂಗಳ ತಾಲೀಮು ಬೇಕು.

ಪಾಠಾಂತರಗಳ ಜಗಳವನ್ನೂ ಹೇಳಲೇಬೇಕು. ರಚನಕಾರ ಬ್ರುಕ್ನರ್‌ನ ಏಳನೇ ಸಿಂಫನಿಯ ನಿಧಾನಗತಿಯ ಭಾಗದಲ್ಲಿ ಒಂದೇ ಒಂದು ತಾಳದ ಏಟಿದೆ. ಹಸ್ತಪ್ರತಿಗೆ ಅಂಟಿಸಿದ ಚೀಟಿಯಲ್ಲಿ ಅದಿದೆ, ಅದೇ ಚೀಟಿಯ ಮೇಲೆ ‘ಊರ್ಜಿತವಲ್ಲ’ ಎಂದೂ ಬರೆದಿದೆ. ಬರೆದವರು ಯಾರೆಂದು ವಿದ್ವಾಂಸರು ಇನ್ನೂ ಕಚ್ಚಾಡುತ್ತಿದ್ದಾರೆ. ಹಾಸ್ ಎಂಬವರ ಆವೃತ್ತಿಯಲ್ಲಿ ಏಟಿಲ್ಲ, ನೊವಾಕ್ ಎಂಬವರದರಲ್ಲಿ ಇದೆ. ಯಲಹಂಕದಲ್ಲಿ ಈ ಸಮಸ್ಯೆ ಪ್ರತಿ ತಿರುವಿನಲ್ಲೂ ಎದುರಾಗುತ್ತದೆ. ಕಮಿಟಿ ಅಧ್ಯಕ್ಷರ ಪಾಠ: “ಸಾಕು ನಿಲ್ಸ್ರಪ್ಪಾ, ಟೈಮಾಯ್ತು.” ಹುಡುಗರ ಪಾಠ: “ಅಣ್ಣಾ, ಇನ್ನೊಂದೇ ಒಂದ್ ರೌಂಡು, ಟಪ್ಪಾಂಗುಚ್ಚಿ!” ಪ್ರಬಂಧಕಾರರ ಸಂಪಾದಕೀಯ ನಿಲುವು: ಹಣ ಕೊಡುವವರ ಪಾಠ ಅಧಿಕೃತ, ಕುಣಿಯುವವರ ಪಾಠ ಪ್ರಚಲಿತ.

ಅದೇ ತಮಟೆಗೆ ಸಂದರ್ಭ ಬದಲಾದರೆ ಅರ್ಥವೂ ಬದಲಾಗುತ್ತದೆ. ಪಾಲಿಕೆಯವರು ತೆರಿಗೆ ಬಾಕಿದಾರರ ಕಟ್ಟಡದ ಮುಂದೆ ತಮಟೆ ಬಾರಿಸಿ ವಸೂಲಿಗೆ ನಿಂತದ್ದೂ ಉಂಟು. ಟಿಂಪನಿಯ ಇತಿಹಾಸದಲ್ಲಿ ಅದರ ಸದ್ದಿಗೆ ಯಾರಾದರೂ ಚೆಕ್ಕು ಬರೆದ ನಿದರ್ಶನ ನಮಗೆ ದೊರೆತಿಲ್ಲ.

ಕೊನೆಯದು ಆಸನವ್ಯವಸ್ಥೆ. ವಾದ್ಯಮೇಳದಲ್ಲಿ ಟಿಂಪನಿ ಎಲ್ಲರಿಗಿಂತ ಹಿಂದೆ, ಮೆರವಣಿಗೆಯಲ್ಲಿ ತಮಟೆ ಎಲ್ಲರಿಗಿಂತ ಮುಂದೆ. ಊಟದ ಹೊತ್ತಿಗೆ ಈ ಕ್ರಮ ತಲೆಕೆಳಗಾಗುತ್ತದೆ. ಟಿಂಪನಿಯವನು ಪಿಟೀಲಿನವರ ಜೊತೆ ಒಂದೇ ಮೇಜಿಗೆ ಬರುತ್ತಾನೆ, ತಮಟೆಯವರ ಎಲೆ ಕಡೆಯ ಪಂಕ್ತಿಗೆ, ಕೆಲವು ಕಡೆ ಶಾಮಿಯಾನದ ಹೊರಗೆ. ಯಾಕೆಂದು ಕೇಳಿದರೆ ಯಾರೂ ಜಾತಿಯ ಹೆಸರು ಹೇಳುವುದಿಲ್ಲ, “ಅವ್ರು ಆಮೇಲೆ ಮಾಡ್ತಾರೆ ಬಿಡಿ” ಎನ್ನುತ್ತಾರೆ. ಪಾಠಶೋಧನೆಯ ಯಾವ ವಿಧಾನದಿಂದಲೂ ಈ ವಾಕ್ಯಕ್ಕೆ ಬೇರೆ ಅರ್ಥ ಹೊರಡಲಿಲ್ಲ. ಹಣದ ವಿಚಾರದಲ್ಲೂ ಇದೇ ಪಂಕ್ತಿಭೇದ: ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅವರ ಮೂಲಕ ಮೈಸೂರಿನ ಹಣ ಅಲ್ಲಿನ ಟಿಂಪನಿಗೆ ಸಂದದ್ದು ದಾಖಲೆಯಲ್ಲಿದೆ, ಯಲಹಂಕದ ತಮಟೆಗೆ ಸಂದದ್ದಕ್ಕೆ ರಸೀದಿಯೇ ಇಲ್ಲ. ಆದರೆ ಹೆಬ್ಬಾಳ, ಯಲಹಂಕ ಹಾದುಹೋಗುವ ಬಳ್ಳಾರಿ ರಸ್ತೆ ಹಿಡಿದು ಹೋದರೆ ಸಿಗುವ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಅವರಿಗೆ ಕುರ್ಚಿ ಸಿಕ್ಕಿದೆ.

ಆದ್ದರಿಂದ ಈ ವರ್ಷದ ಗಣೇಶೋತ್ಸವ ಕಮಿಟಿಗಳಲ್ಲಿ ಪ್ರಬಂಧಕಾರರ ವಿನಂತಿ: ತಮಟೆಯವರಿಗೆ ಬಾಕಿ ಹಣವನ್ನು ವಿಸರ್ಜನೆಗೆ ಮುಂಚೆಯೇ ಕೊಟ್ಟುಬಿಡಿ, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ.