ಮೆಜೆಸ್ಟಿಕ್‌ನಲ್ಲಿದ್ದೀವಿ ಕಣೇ: ಬಳಕೆದಾರರ ಕೈಪಿಡಿ

ಉಪಯೋಗಿಸುವ ಮೊದಲು ಪೂರ್ತಿ ಓದಿ ಎಂದು ಮಿಕ್ಸಿಯ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಈ ಪುಸ್ತಕವನ್ನು ಹಾಗೆ ಓದಲು ನಿಮಗೆ ಪುರಸೊತ್ತಿರುವುದಿಲ್ಲ. ಒಂದು ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಓದಿ.

ಯಂತ್ರ ಚಾಲೂ ಆಗುವುದು ಭಾನುವಾರ ಸಂಜೆ ಐದಕ್ಕೆ, ಒಂದು ಫೋನಿನಿಂದ. "ಪುಟ್ಟೀ, ಬೆಂಗಳೂರಿಗೆ ಒಂದು ಮುಂಜಿಗೆ ಬಂದಿದ್ವಿ. ಮೆಜೆಸ್ಟಿಕ್‌ನಲ್ಲಿದ್ದೀವಿ ಕಣೇ. ಇಷ್ಟು ದೂರ ಬಂದು ನಿನ್ನ ನೋಡ್ದೆ ಹೋದ್ರೆ ನಿಮ್ಮಪ್ಪ ಏನಂದ್ಕೋತಾನೆ? ಏನೂ ಮಾಡ್ಕೋಬೇಡ, ಬರೀ ಕಾಫಿ ಕುಡಿದು ಎದ್ದುಬಿಡ್ತೀವಿ." ತಿಪಟೂರಿನ ಸೋದರತ್ತೆ. ಈ ಮಾತನ್ನು ಅಕ್ಷರಶಃ ನಂಬಿದವರು ಕೆಟ್ಟರು. "ಏನೂ ಮಾಡ್ಕೋಬೇಡ" ಎಂದರೆ ಉಪ್ಪಿಟ್ಟಾದರೂ ಇರಲಿ. "ಬರೀ ಕಾಫಿ" ಎಂದರೆ ಎರಡು ಗಂಟೆ. "ಎದ್ದುಬಿಡ್ತೀವಿ" ಎಂಬುದು ಎದ್ದ ಮೇಲೆ ಬಾಗಿಲ ಬಳಿ ನಿಂತು ಆಡುವ ಮಾತಿನ ಪೀಠಿಕೆ.

ತಿಥಿ ಇಲ್ಲದೆ ಬರುವವನೇ ಅತಿಥಿ ಎಂದು ಹಿರಿಯರು ಪದ ಬಿಡಿಸಿ ಹೇಳಿದ್ದಾರೆ. ಅವನನ್ನು ದೇವರೆಂದು ತಿಳಿ ಎನ್ನುವ ತೈತ್ತಿರೀಯ ಉಪನಿಷತ್ತಿನ ಉಪದೇಶ ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಮಾಡಿದ್ದು. ಆ ಶಿಷ್ಯನ ಹೆಂಡತಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಉಪನಿಷತ್ತಿನಲ್ಲಿ ಅದರ ಸುದ್ದಿಯಿಲ್ಲ.

ಮೊದಲು ಕಾಲದ ಲೆಕ್ಕ. ಹಿಂದೆಲ್ಲ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರು ನಮ್ಮ ಕತ್ರಿಗುಪ್ಪೆ ಮುಟ್ಟುವಷ್ಟರಲ್ಲಿ ಮನೆಗೆ ಸುಣ್ಣ ಬಳಿಸಿ ಒಣಗಿಸಲೂಬಹುದಿತ್ತು. ಬೆಂಗಳೂರಿನ ಟ್ರಾಫಿಕ್ಕನ್ನು ಎಲ್ಲರೂ ಬೈಯುತ್ತಾರೆ, ಅದು ಎಷ್ಟು ಮನೆಗಳ ಮಾನ ಕಾಪಾಡಿದೆ ಎಂದು ಯಾರೂ ಹೇಳುವುದಿಲ್ಲ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮೆಜೆಸ್ಟಿಕ್‌ನ ನೆಲದಡಿ ಹಾದು ಯಲಚೇನಹಳ್ಳಿಯವರೆಗೆ ಓಡತೊಡಗಿತು. ಊರಿಗೆಲ್ಲ ಅನುಕೂಲ, ನನಗೆ ಗಂಡಾಂತರ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರಸ್ತೆ, ಬನಶಂಕರಿ. ಒಂದೊಂದಕ್ಕೆ ಎರಡು ನಿಮಿಷ ಹಿಡಿಯಿರಿ, ಹದಿನಾರಾಯಿತು. ಅತ್ತೆಯ ಚೀಲದಲ್ಲಿ ಕೊಬ್ಬರಿ ಗಿಟುಕು ಇದ್ದೇ ಇರುತ್ತದೆ. ಆ ಚೀಲ ತಪಾಸಣೆಯ ಬೆಲ್ಟಿನ ಮೇಲೆ ಹೋಗಿ ಈಚೆ ಬರಬೇಕು, ಐದು ನಿಮಿಷ. ಬನಶಂಕರಿಯಲ್ಲಿ ಇಳಿದು ಆಟೋದವನ ಜೊತೆ ಮಾವ ನಡೆಸುವ ಚೌಕಾಸಿಗೆ ಇನ್ನೈದು. ಎಲ್ಲ ಸೇರಿ ನಿಮ್ಮ ಕೈಯಲ್ಲಿರುವುದು ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ.

ಹಂತ ಒಂದು. ಪೊರಕೆ ಕೆಳಗಿಡಿ. ಡಿಕಾಕ್ಷನ್ ಹಾಕಿ. ಗಾಬರಿಯಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ಕಸ ಬೇಗ ಬೇಗ ಗುಡಿಸಬಹುದು, ಫಿಲ್ಟರನ್ನು ಅವಸರಪಡಿಸಲು ಬರುವುದಿಲ್ಲ. ಪುಡಿಯನ್ನು ಹಗುರವಾಗಿ ಒತ್ತಿ, ಕುದಿಯುವ ನೀರು ಹುಯ್ದು ಮುಚ್ಚಿದ ಮೇಲೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಅದು ತನ್ನ ಪಾಡಿಗೆ ತೊಟ್ಟಿಕ್ಕಬೇಕು. ಚಮಚದಿಂದ ತಲೆಗೆ ಕುಟ್ಟಿದರೆ ಒಂದೆರಡು ನಿಮಿಷ ಉಳಿದೀತು. ಮನೆ ಹೇಗಿದ್ದರೂ ಅತ್ತೆ ಮರೆತಾರು, ಕಾಫಿ ನೀರಾಗಿದ್ದರೆ ತಿಪಟೂರಿನಲ್ಲಿ ಮೂರು ತಲೆಮಾರು ನೆನೆಯುತ್ತದೆ.

ಹಂತ ಎರಡು. ಹೋಗಿ ಸೋಫಾದ ಮೇಲೆ ಕೂತುಕೊಳ್ಳಿ. ತಮಾಷೆಯಲ್ಲ. ಅತ್ತೆ ಕೂರುವ ಜಾಗದಲ್ಲಿ ಕೂತು, ಅವರ ಎತ್ತರಕ್ಕೆ ಕುತ್ತಿಗೆ ಬಗ್ಗಿಸಿ, ಅಲ್ಲಿಂದ ಏನೇನು ಕಾಣುತ್ತದೆ ನೋಡಿ. ಅಷ್ಟೇ ನಿಮ್ಮ ಮನೆ. ಮಿಕ್ಕದ್ದು ಈ ಹೊತ್ತಿನಲ್ಲಿ ಪಕ್ಕದವರ ಆಸ್ತಿ. ಅರ್ಧ ಗಂಟೆಯಲ್ಲಿ ಯಾವ ಮನೆಯೂ ಸ್ವಚ್ಛವಾಗುವುದಿಲ್ಲ, ಸಾಮಾನು ಜಾಗ ಬದಲಾಯಿಸುತ್ತದೆ, ಅಷ್ಟೇ. ಇದು ಗುಡಿಸುವ ಕೆಲಸವಲ್ಲ, ಸಾಗಾಣಿಕೆ.

ಸೋಫಾದ ಮೇಲೆ ಕೂರಲು ಜಾಗವೇ ಇಲ್ಲವಲ್ಲ ಎಂದಿರಾ? ಒಗೆದು ಒಣಗಿ ಮಡಿಸದೆ ಬಿದ್ದಿರುವ ಬಟ್ಟೆಗಾಗಿ ಹಳೇ ಮಂಚದ ಹೊದಿಕೆ ಹಾಸಿ, ಎಲ್ಲ ಅದರೊಳಗೆ ಎಳೆದು, ನಾಲ್ಕು ಮೂಲೆ ಸೇರಿಸಿ ಅಗಸರ ಗಂಟು ಕಟ್ಟಿ ರೂಮಿಗೆ ಎಸೆಯಿರಿ. ದಿವಾನದ ಹೊಟ್ಟೆಯೊಳಗೆ ಚಾರ್ಜರು, ಆಟಿಕೆ, ಔಷಧಿ ಚೀಟಿ, ಕಟ್ಟದ ಬಿಲ್ಲು. ಪೇಪರಿನ ರಾಶಿ ಅಟ್ಟಕ್ಕೆ.

ಎಚ್ಚರಿಕೆ: ಬಚ್ಚಿಟ್ಟದ್ದು ಎಲ್ಲಿ ಎಂದು ಒಬ್ಬರಿಗಾದರೂ ನೆನಪಿರಬೇಕು. ಒಂದು ಏಪ್ರಿಲ್‌ನಲ್ಲಿ ಹೀಗೇ ಗಡಿಬಿಡಿಯಲ್ಲಿ, ಅಡುಗೆಮನೆ ಕಟ್ಟೆ ಖಾಲಿ ಕಾಣಲಿ ಎಂದು, ಆಗಷ್ಟೇ ರುಬ್ಬಿದ ದೋಸೆ ಹಿಟ್ಟಿನ ಪಾತ್ರೆಯನ್ನು ಬಟ್ಟೆ ಬೀರುವಿನಲ್ಲಿಟ್ಟೆ. ಬಂದವರು ಹೋದರು, ನಾನು ಸುಸ್ತಾಗಿ ಮಲಗಿದೆ. ಹಿಟ್ಟು ಮಲಗಲಿಲ್ಲ. ಬೇಸಿಗೆಯ ಕಾವಿಗೆ ರಾತ್ರಿಯಿಡೀ ಉಬ್ಬಿ, ಮುಚ್ಚಳ ಎತ್ತಿ, ಮೇಲಿನ ಖಾನೆಯಿಂದ ಕೆಳಗಿನ ಖಾನೆಗೆ ಇಳಿದು ನನ್ನ ಧಾರೆ ಸೀರೆಯನ್ನು ಅಪ್ಪಿಕೊಂಡಿತ್ತು. ಆ ಸೀರೆ ಉಟ್ಟು ಯಾವ ಮದುವೆಗೆ ಹೋದರೂ ಇವತ್ತಿಗೂ ಪಕ್ಕದಲ್ಲಿ ಕೂತವರು ತಿಂಡಿ ಶುರುವಾಯಿತೇ ಎಂದು ತಿರುಗಿ ನೋಡುತ್ತಾರೆ.

ಹಂತ ಮೂರನ್ನು ಬಿಟ್ಟಿದ್ದೇವೆ. ಅತ್ತೆ ಈಗಾಗಲೇ ನ್ಯಾಷನಲ್ ಕಾಲೇಜು ದಾಟಿದ್ದಾರೆ.

ಹಂತ ನಾಲ್ಕು, ಯಜಮಾನರು. "ನಾನೇನು ಮಾಡ್ಲಿ?" ಎಂದು ಅವರು ಹಾಲಿನ ನಡುಮಧ್ಯೆ ನಿಂತು ಕೇಳುತ್ತಾರೆ, ಸರಿಯಾಗಿ ನೀವು ಗುಡಿಸಬೇಕಾದ ಜಾಗದಲ್ಲಿ. ಇವರಿಗೆ ಪೊರಕೆ ಕೊಡಬೇಡಿ. ಕಾರಿನ ಕೀ ಕೊಟ್ಟು ಬನಶಂಕರಿ ನಿಲ್ದಾಣಕ್ಕೆ ಅಟ್ಟಿ. ನಿಲ್ದಾಣದ ಹತ್ತಿರವೇ ಬನಶಂಕರಿ ಅಮ್ಮನ ಗುಡಿ. ಬೇರೆ ಕೆಲಸಕ್ಕೆಲ್ಲ ರಾಹುಕಾಲ ತಪ್ಪಿಸುವ ಜನ ಇಲ್ಲಿ ರಾಹುಕಾಲ ನೋಡಿಯೇ ಬಂದು ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚುತ್ತಾರೆ. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. "ಇಷ್ಟು ಹತ್ರ ಬಂದು ಅಮ್ಮನ ದರ್ಶನ ಮಾಡ್ದೆ ಹೋಗೋದಾ ಅತ್ತೆ?" ಎಂದು ಅವರು ಕೇಳಿದರೆ ಸಾಕು. ಇಲ್ಲ ಎನ್ನುವ ಧೈರ್ಯ ಯಾವ ಅತ್ತೆಗೂ ಇಲ್ಲ. ಸರದಿಯ ಉದ್ದ ನೋಡಿಕೊಂಡು ಇಪ್ಪತ್ತರಿಂದ ನಲವತ್ತು ನಿಮಿಷ ಲಾಭ, ಪುಣ್ಯ ಬೇರೆ. ಬರುವಾಗ ಅರ್ಧ ಲೀಟರ್ ನಂದಿನಿ ಹಾಲು, ಉಪ್ಪಿಟ್ಟಿನ ರವೆ. (ಅವರು ಚಿರೋಟಿ ರವೆ ತರುತ್ತಾರೆ. ಈ ದೋಷ ನಮ್ಮ ಖಾತರಿಯಡಿ ಬರುವುದಿಲ್ಲ.)

ಈಗ ಪೊರಕೆ. ಹಾಲಿಗೆ ಹುಲ್ಲಿನ ಪೊರಕೆ, ಬಾಗಿಲ ಹೊರಗೆ ಕಡ್ಡಿ ಪೊರಕೆ. ಹೊತ್ತು ಮುಳುಗುವುದರೊಳಗೆ ಮುಗಿಸಿ. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನನ್ನ ತಲೆಗೆ ತುಂಬಿದ್ದೇ ಈ ಅತ್ತೆ. ಕತ್ತಲಾಗಿಬಿಟ್ಟರೆ ಗುಡಿಸಿದ ಕಸವನ್ನು ಹೊರಗೆ ಹಾಕದೆ ಬಾಗಿಲ ಸಂದಿಗೆ ಒತ್ತರಿಸಿ, ಮೇಲೆ ಚಪ್ಪಲಿ ಸ್ಟ್ಯಾಂಡ್ ಎಳೆಯಿರಿ. ಲಕ್ಷ್ಮಿಯೂ ಉಳಿದಳು, ಕಸವೂ ಉಳಿಯಿತು.

ಫ್ಯಾನಿನ ರೆಕ್ಕೆ ಒರೆಸುವ ಹುಚ್ಚಿಗೆ ಬೀಳಬೇಡಿ, ಸ್ಟೂಲ್ ಹತ್ತಿ ಕೆಟ್ಟವರಿದ್ದಾರೆ. ಎರಡನೇ ನಂಬರಿನಲ್ಲಿ ತಿರುಗುತ್ತಿರಲಿ. ನಿಂತರೆ ಧೂಳು ಕಾಣುತ್ತದೆ, ಐದಕ್ಕಿಟ್ಟರೆ ಉಪ್ಪಿಟ್ಟಿನೊಳಗೆ ಉದುರುತ್ತದೆ.

ಬಚ್ಚಲುಮನೆಯಲ್ಲಿ ರಾಜಿ ಇಲ್ಲ. ಬಂದವರೇ "ಕೈಕಾಲು ತೊಳ್ಕೊಂಡ್ ಬರ್ತೀನಿ" ಎಂದು ನೆಟ್ಟಗೆ ಅಲ್ಲಿಗೇ ನಡೆಯುತ್ತಾರೆ. ಬೆಳಿಗ್ಗೆ ನೆನೆಹಾಕಿದ ಬಟ್ಟೆಯ ಬಕೆಟ್ಟು ಬಾಲ್ಕನಿಗೆ. ಫಿನಾಯಿಲ್ ಒಂದೇ ಮುಚ್ಚಳ. ಹೆಚ್ಚಾದರೆ ಮನೆಯಲ್ಲ, ಸರ್ಕಾರಿ ಆಸ್ಪತ್ರೆ ಎನಿಸುತ್ತದೆ. ಆ ವಾಸನೆ ಅಡಗಿಸಲು ಅವರು ಬಾಗಿಲು ತಟ್ಟುವ ಹೊತ್ತಿಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಚಟಪಟ ಎನ್ನಬೇಕು. ಊದಬತ್ತಿ ಒಂದು ಸಾಕು. ಎರಡು ಹಚ್ಚಿದರೆ ಏನೋ ಮುಚ್ಚಿಡುತ್ತಿದ್ದೀರಿ ಎಂದು ಗೊತ್ತಾಗಿಹೋಗುತ್ತದೆ.

ಅತಿ ಮುಖ್ಯವಾದದ್ದು ಷೋಕೇಸು. ಗೃಹಪ್ರವೇಶಕ್ಕೆ ಅತ್ತೆ ಕೊಟ್ಟ ಗೀತೋಪದೇಶ ಎಲ್ಲಿದೆ? ನಾಲ್ಕು ಕುದುರೆ, ಗಾಜಿನ ಪೆಟ್ಟಿಗೆ, ಒತ್ತಿದರೆ ಕೆಂಪು ದೀಪ ಹತ್ತುವಂಥದ್ದು. ಅದು ಅಟ್ಟದಲ್ಲಿದೆ, ಈಗಷ್ಟೇ ಎಸೆದ ಪೇಪರಿನ ರಾಶಿಯ ಹಿಂದೆ. ಇಳಿಸಿ, ಕಣ್ಣಿನ ಮಟ್ಟಕ್ಕಿಡಿ. ಆದರೆ ಫಳಫಳ ಒರೆಸಬೇಡಿ. ಅಕ್ಕಪಕ್ಕದ ಬೊಂಬೆಗಳ ಮೇಲೆ ಎಷ್ಟು ಧೂಳಿದೆಯೋ ಅರ್ಜುನನ ಮೇಲೂ ಅಷ್ಟೇ ಇರಲಿ. ಅದೊಂದೇ ಹೊಳೆದರೆ ಇವತ್ತೇ ಇಳಿಸಿದ್ದು ಎಂದು ಅತ್ತೆಯ ಕಣ್ಣಿಗೆ ತಕ್ಷಣ ಬೀಳುತ್ತದೆ.

ಬಂದರು. ಬಾಗಿಲಲ್ಲೇ "ಮನೆ ನೋಡೋ ಹಾಗಿಲ್ಲ ಅತ್ತೆ" ಎನ್ನಬೇಕು. "ಅಯ್ಯೋ ಬಿಡೇ, ನಮ್ಮನೇನೂ ಹೀಗೇ" ಎಂದು ಅವರು ಅನ್ನಲೇಬೇಕು. ಕೆಲವರು ಈ ಮಾತು ಮರೆತು ಸುತ್ತ ನೋಡುತ್ತಾ "ಹ್ಞೂಂ" ಎಂದುಬಿಡುತ್ತಾರೆ. ಅಂಥವರ ಮನೆಗೆ ನಾನು ಹೋಗುವುದಿಲ್ಲ.

ತೊಂದರೆ ಮತ್ತು ಪರಿಹಾರ. ಅತ್ತೆ ಕಾಫಿ ಲೋಟ ಕೆಳಗಿಟ್ಟು "ಎಲ್ಲಿ, ಮನೆ ತೋರ್ಸು" ಎಂದು ಎದ್ದರೆ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮಗ ಮಲಗಿದ್ದಾನೆ ಎನ್ನಿ. ನಾನು ಹಾಗಂದ ಗಳಿಗೆಯಲ್ಲೇ ಮಗ ಕ್ರಿಕೆಟ್ ಬ್ಯಾಟ್ ಹಿಡಿದು ಹೊರಗಿನಿಂದ ಬಂದ. ಒಳಗೆ ಬಟ್ಟೆ ಗಂಟು ಮಂಚದಿಂದ ಜಾರಿ, ಜೊತೆಗೆ ಅದೇನೇನನ್ನು ಎಳೆದುಕೊಂಡಿತೋ, ಧಡಾರನೆ ಬಿತ್ತು. "ಬೆಕ್ಕು" ಎಂದೆ. ನಮ್ಮದು ನಾಲ್ಕನೇ ಮಹಡಿ. ಅತ್ತೆ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬೆಂಗ್ಳೂರ್ ಬೆಕ್ಕುಗಳು ಲಿಫ್ಟ್ ಹತ್ತುತ್ವೆ ಅನ್ನು" ಎಂದು ಮತ್ತೆ ಸೋಫಾದ ಮೇಲೆ ಕೂತರು.

ಅನುಬಂಧ, ನೀವೇ ಅತಿಥಿಯಾದಾಗ. ಆರು ತಿಂಗಳ ಮೇಲೆ ಅರಸೀಕೆರೆಯ ಕಡೆ ಹೋಗಿದ್ದವರು ವಾಪಸಾಗುವಾಗ ತಿಪಟೂರು ಬಸ್‌ಸ್ಟ್ಯಾಂಡಿನಿಂದ ಅತ್ತೆಗೆ ಫೋನ್ ಮಾಡಿದೆ. "ಏನೂ ಮಾಡ್ಕೋಬೇಡಿ ಅತ್ತೆ, ಬರೀ ಕಾಫಿ." ಮಾವ ಕರೆದೊಯ್ಯಲು ಬಂದರು. ಬಂದವರು ಮನೆಯ ಕಡೆಗೆ ತಿರುಗಲಿಲ್ಲ. "ಇಷ್ಟು ಹತ್ರ ಬಂದು ಊರಮ್ಮನ ದರ್ಶನ ಮಾಡ್ದೆ ಹೋಗೋದಾ ಮಗಳೇ?" ಎಂದರು. ನಾನೂ ಇವರೂ ಮುಖ ಮುಖ ನೋಡಿಕೊಂಡು, ಸುಮ್ಮನೆ ಎರಡು ಸುತ್ತು ಹೆಚ್ಚಿಗೆ ಪ್ರದಕ್ಷಿಣೆ ಹಾಕಿದೆವು.

ಮನೆಯಲ್ಲಿ ನೆಲ ಇನ್ನೂ ತೇವವಾಗಿತ್ತು. ಒಂದು ಊದಬತ್ತಿ. ಫ್ಯಾನು ಎರಡರಲ್ಲಿ. ಷೋಕೇಸಿನಲ್ಲಿ ಅವರ ಷಷ್ಟಿಪೂರ್ತಿಗೆ ನಾನು ಕೊಟ್ಟಿದ್ದ ಗಂಧದ ಆನೆ, ಅಕ್ಕಪಕ್ಕದ ಬೊಂಬೆಗಳಷ್ಟೇ ಧೂಳು ಹೊದ್ದು ನಿಂತಿತ್ತು. ನಾನು ಅತ್ತೆ ತೋರಿಸಿದ ಕುರ್ಚಿಯಲ್ಲೇ, ಅವರು ತೋರಿಸಿದ ದಿಕ್ಕಿಗೇ ಮುಖ ಮಾಡಿ ಕೂತೆ. ಕಾಫಿ ಬಂತು, ಗಟ್ಟಿಯಾಗಿತ್ತು. ಅರ್ಧ ಕುಡಿದಿರಬೇಕು, ನಡುಮನೆಯ ಮುಚ್ಚಿದ ಬಾಗಿಲ ಹಿಂದೆ ಏನೋ ಉರುಳಿ, ತಟ್ಟೆಯೊಂದು ಬಹಳ ಹೊತ್ತು ಗಿರಗಿರ ತಿರುಗಿ ನಿಂತಿತು.

"ಬೆಕ್ಕು ಕಣೇ" ಎಂದರು ಅತ್ತೆ.

"ಲಿಫ್ಟ್ ಇಲ್ದಿದ್ರೂ ಬಂದ್ಬಿಡ್ತಾವೆ ನೋಡಿ" ಎಂದು ಉಪ್ಪಿಟ್ಟಿಗೆ ಕೈ ಹಾಕಿದೆ.